ಮೂವತ್ತೆರಡು ಮೀಟರ್

ಮೂರನೆಯ ಪೊಟ್ಟಣವೂ ಅದೇ ಜಾಗದಲ್ಲಿ ಬಿತ್ತು. ಅವಳಿಗೆ ರೇಗಿಹೋಯಿತು.

ಜೀಪು ನಿಲ್ಲಿಸಿ, ಇಳಿದು, ಟೇಪು ಹಿಡಿದು ಅಳೆದಳು. ಅರವತ್ತೆರಡು ಮೀಟರ್. ಮೊದಲ ಸಲ ಅರವತ್ತೊಂದು, ಎರಡನೆಯ ಸಲ ಅರವತ್ತಮೂರು. ಮರದ ನೆರಳಲ್ಲಿ ಬೂದು ಅಂಗಿ ತೊಟ್ಟು ನಿಂತವನು ಕಂಡ ಕೂಡಲೇ ಕಿಟಕಿಯಿಂದ ಸುಣ್ಣದ ಪುಡಿಯ ಪೊಟ್ಟಣ ಕೆಳಗೆ ಬಿಡಬೇಕು. ಅದು ಒಡೆದು ಬಿಳಿಯಾದಲ್ಲಿಂದ ಅವನ ಕಾಲಬುಡದವರೆಗೆ ಅಳೆಯಬೇಕು. ಅಪಘಾತ ತನಿಖೆಯಲ್ಲಿ ಹದಿನಾಲ್ಕು ವರ್ಷದಿಂದ ಮಾಡಿಕೊಂಡು ಬಂದ ಕೆಲಸ.

ಹೋದ ತಿಂಗಳು ಇದೇ ನಡುಮಧ್ಯಾಹ್ನ, ಇದೇ ಮರದಡಿಯಿಂದ ರಸ್ತೆಗಿಳಿದ ಬೂದು ಅಂಗಿಯ ಮುದುಕನೊಬ್ಬ ವ್ಯಾನಿಗೆ ಸಿಕ್ಕಿ ಸತ್ತಿದ್ದ. ಆ ವ್ಯಾನಿನ ಡ್ರೈವರ್ ಈಗ ಜೀಪಿನಲ್ಲಿ ಅವಳ ಪಕ್ಕದ ಸೀಟಿನಲ್ಲಿ ಕೈಕಟ್ಟಿ ಕೂತಿದ್ದಾನೆ. ಮುದುಕ ಅವನ ಕಣ್ಣಿಗೆ ಬಿದ್ದದ್ದು ಮೂವತ್ತು ಮೀಟರಿನಲ್ಲಿ ಎಂದು ಟೈರಿನ ಗುರುತು ಹೇಳುತ್ತದೆ. ಇವಳಿಗೆ ಕಂಡದ್ದು ಅರವತ್ತೆರಡರಲ್ಲಿ. ಕಳೆದರೆ ಉಳಿದದ್ದು ಮೂವತ್ತೆರಡು. ಸಂಜೆ ಐದಕ್ಕೆ ವರದಿ ಹೋದರೆ, ಆ ಮೂವತ್ತೆರಡು ಮೀಟರಿಗಾಗಿ ಅವನು ಜೈಲಿಗೆ ಹೋಗುತ್ತಾನೆ.

“ಅಷ್ಟು ದೂರ ನೀವು ಎಲ್ಲಿದ್ರಿ?”

“ವ್ಯಾನಲ್ಲೇ ಇದ್ದೆ ಮೇಡಂ.”

“ಹುಡುಗಾಟ ಬೇಡ. ಏನು ನೋಡ್ತಿದ್ರಿ?”

“ರಸ್ತೆ.”

“ರಸ್ತೇಲಿ ಮನುಷ್ಯ ಇದ್ದ.”

“ಇದಾನೆ ಅಂತ ನಿಮಗೆ ಗೊತ್ತಿತ್ತು, ಹುಡುಕಿದ್ರಿ. ನಂಗೆ ಯಾರು ಹೇಳಿದ್ರು? ನಿದ್ದೆ ಅಂತ ಬರೀಬೇಡಿ. ಫೋನ್ ಅಂತ ಬರೀಬೇಡಿ. ಕಾಣ್ಲಿಲ್ಲ ಅಂತ ಬರೀರಿ.”

“ಅದಕ್ಕೆ ಕಾಲಂ ಇಲ್ಲ.”

ನಿಜಕ್ಕೂ ಇರಲಿಲ್ಲ. ಅವಳು ಸಾಹೇಬರಿಗೆ ಫೋನು ಮಾಡಿದಳು.

“ಮೂರು ಸಲ ಆಯ್ತಲ್ಲ? ಸರಾಸರಿ ಹಾಕಿ ಬಾರಮ್ಮ. ಒಂದೂವರೆ ಸೆಕೆಂಡಿಗೆ ಕಾಲು ಬ್ರೇಕಿಗೆ ಬರ್ಬೇಕು, ಬಂದಿಲ್ಲ. ಮೊಸರಲ್ಲಿ ಕಲ್ಲು ಹುಡುಕ್ಬೇಡ.”

ಬೆಳಿಗ್ಗೆ ಗಂಡ ಲೋಟ ತೊಳೆಯುತ್ತ, “ಮೀಸೆ ತೆಗೆದು ಇವತ್ತಿಗೆ ನಾಲ್ಕು ದಿನ,” ಎಂದಿದ್ದ. ದೂರಿನ ದನಿಯಲ್ಲ, ಹಾಲು ಮುಗಿದಿದೆ ಎನ್ನುವ ದನಿ. “ಹೇಳಬಾರದಾಗಿತ್ತಾ?” ಎಂದು ಅವಳೇ ಜೋರು ಮಾಡಿದ್ದಳು. “ಬೋರ್ಡು ಹಾಕ್ಬೇಕಿತ್ತಾ?” ಎಂದು ಅವನು ನಲ್ಲಿ ನಿಲ್ಲಿಸಿದ್ದ. ಆ ನಾಲ್ಕು ದಿನವೂ ಅವಳು ಅವನ ಎದುರಿಗೇ ಕೂತು ಉಂಡಿದ್ದಳು.

“ಇನ್ನೊಂದು ಸಲ,” ಎಂದಳು.

ಸಮವಸ್ತ್ರದ ಮೇಲೆ ಬೂದು ಅಂಗಿ ಏರಿಸಿಕೊಂಡ ಪೇದೆ ಬೆವರು ಒರೆಸಿಕೊಂಡ. “ಸತ್ತವನ ಜಾಗದಲ್ಲಿ ನಿಂತೂ ನಿಂತೂ ನನ್ನ ಜೀವಾನೇ ಹೋಗ್ತಿದೆ ಮೇಡಂ. ಊಟದ ಹೊತ್ತು.”

“ಈ ಸಲ ಎಲ್ಲಿ ಬೇಕಾದ್ರೂ ನಿಂತ್ಕೊಳ್ಳಿ. ಎಲ್ಲಿ ಅಂತ ನಂಗೆ ಹೇಳ್ಬೇಡಿ.”

“ಹಂಗಾದ್ರೆ ಎಲ್ಲಾದ್ರೂ ತಂಪಾಗಿರೋ ಕಡೆ...”

“ಅದನ್ನೂ ಹೇಳ್ಬೇಡ್ರೀ!”

ವೇಗ ಐವತ್ತು. ಮರ, ಬಿಸಿಲು, ಮರ, ಬಿಸಿಲು. ಅವಳು ನೋಡುತ್ತಲೇ ಇದ್ದಳು. ಬೇಕಾದರೆ ಆಣೆ ಮಾಡಿಯಾಳು. ತಿರುವು ಬಂತು. ಪೊಟ್ಟಣ ಇನ್ನೂ ಕೈಯಲ್ಲೇ, ಬೆವರಿಗೆ ಒದ್ದೆಯಾಗಿತ್ತು.

ತಿರುಗಿಸಿಕೊಂಡು ಬಂದಾಗ ಪೇದೆ ಸೊಂಟಕ್ಕೆ ಕೈಯಿಟ್ಟು ನಿಂತಿದ್ದ. “ಎರಡನೇ ಮರದ ಮುಂದೆ ಇದ್ದೆ ಮೇಡಂ. ಕೈ ಬೇರೆ ಎತ್ತಿದೆ. ನನ್ನ ಮುಖಾನೇ ನೋಡ್ಕೊಂಡು ಹೋದ್ರಲ್ಲ!”

ಡ್ರೈವರ್ ನಗಲಿಲ್ಲ. ನಕ್ಕಿದ್ದರೆ ವಾಸಿಯಿತ್ತು.

“ಇದನ್ನ ಬರೀತೀರಾ?”

“ಫಾರಮ್ಮಿನಲ್ಲಿ ಮೂರೇ ಸಾಲು ಇರೋದು. ಮೂರೂ ತುಂಬಿದೆ.”

“ನೀವು ಎಲ್ಲಿದ್ರಿ ಅಂತ ನಾನು ಕೇಳಲ್ಲ, ಬಿಡಿ.”

ಅವಳು ಡಬ್ಬಿಯಲ್ಲಿ ಉಳಿದಿದ್ದ ಪೊಟ್ಟಣಗಳನ್ನೆಲ್ಲ ಮಡಿಲಿಗೆ ಸುರಿದುಕೊಂಡಳು. “ಹೋಗಿ, ನಿಂತ್ಕೊಳ್ಳಿ.”

“ನನ್ನ ಕೈಲಾಗಲ್ಲ,” ಎಂದ ಪೇದೆ ಅಂಗಿ ಬಿಚ್ಚಿ ಜೀಪಿನ ಹಿಂದಕ್ಕೆ ಎಸೆದು ಕಲ್ಲಿನ ಮೇಲೆ ಕೂತುಬಿಟ್ಟ. ಅವಳು ಗೇರು ಹಾಕಿದಳು.

ಮೊದಲ ಮರದ ನೆರಳಲ್ಲಿ ಒಬ್ಬ ನಿಂತಿದ್ದ. ಪೊಟ್ಟಣ ಬಿಟ್ಟಳು. ಎರಡನೆಯದರ ಕೆಳಗೂ ಒಬ್ಬ. ಬಿಟ್ಟಳು. ಆಮೇಲೆ ಬರಿಯ ಬಿಸಿಲಲ್ಲೂ.

“ಅಲ್ಲಿ ಯಾರೂ ಇಲ್ಲ ಮೇಡಂ.”

“ನಿಮಗೆ ಹೇಗೆ ಗೊತ್ತು?”

ಅವನೂ ಮುಂದಕ್ಕೆ ಬಾಗಿ, ಒಂದೊಂದೇ ನೆರಳನ್ನು ದಿಟ್ಟಿಸತೊಡಗಿದ; ಬಲಗಾಲು ಬ್ರೇಕಿಲ್ಲದ ನೆಲವನ್ನು ಒತ್ತುತ್ತಿತ್ತು.

ಕನ್ನಡಿಯಲ್ಲಿ ರಸ್ತೆಯುದ್ದಕ್ಕೂ ಬಿಳಿಯ ಗುರುತುಗಳು. ಮಡಿಲು ಬರಿದಾಗಿತ್ತು. ಅವಳ ಕೈ ಮಾತ್ರ ಕಿಟಕಿಯಾಚೆ ಚಾಚಿ, ಬೆರಳು ಬಿಡಿಸಿ, ಏನೂ ಇಲ್ಲದ್ದನ್ನು ಕೆಳಗೆ ಬಿಡುತ್ತಲೇ ಇತ್ತು.