ತವರಿನ ಕೊನೆಯ ಸೀರೆ

"ಮಾಮಾ, ಆ ಸೀಲೆ ಅತ್ಲಾಗೆ ತೆಗಿ!"

ತಮಿಳರಸಿ ಸತ್ತ ತಾಯಿಯ ಎದೆಗೆ ಅಡ್ಡವಾಗಿ ಕೈ ಚಾಚಿದಳು. ತನ್ನ ತಂಗಿ ಗೋವಿಂದಮ್ಮಾಳ್‌ಗೆ ಹೊದಿಸಲು ಹೊಸ ಸೀರೆ ಹಿಡಿದು ಬಾಗಿದ್ದ ಕಂದಸಾಮಿ ಹಾಗೇ ನಿಂತ. ಹೆಣ್ಣು ಸತ್ತರೆ ತವರಿನ ಕೋಡಿ, ಅಂದರೆ ಹೊಸ ಸೀರೆ, ಮೈಮೇಲೆ ಬೀಳದೆ ಹೆಣ ಎತ್ತುವಂತಿಲ್ಲ. ತಮಿಳು ಸೀಮೆಯ ಈ ಉತ್ತಮಪಾಳಯದಲ್ಲಿ ಕನ್ನಡ ಮಾತಾಡುವ ಮನೆಗಳಿಗೆಲ್ಲ ಇದು ಗೊತ್ತು. ಹನ್ನೊಂದು ವರ್ಷ ತಂಗಿಯ ಹೊಸ್ತಿಲು ತುಳಿಯದವನಿಗೂ ಇವತ್ತು ನೆನಪಾಗಿತ್ತು. ಬದುಕಿದ್ದಾಗ ಒಂದು ಮಾತಿಲ್ಲ, ಸತ್ತ ಮೇಲೆ ಜರಿ ಅಂಚಿನ ಸೀರೆ!

"ಊರು ನೋಡ್ತದೆ ಮಗಾ, ಹಾಕ್ಲಿ ಬುಡು," ಎಂದಳು ಪಕ್ಕದ ಮನೆಯ ಮುತ್ತುಲಕ್ಷ್ಮಿ.

"ಊರು ಹನ್ನೊಂದು ವರ್ಸವೂ ನೋಡ್ತಾನೇ ಇತ್ತು, ಅತ್ತೆ."

ಕಂದಸಾಮಿ ಗಂಟಲು ಸರಿಮಾಡಿಕೊಂಡ. "ನಮ್ಮ ಸಾಮೀನ ಬುಟ್ಟು ವೇದಕ್ಕೆ ಸೇರಿ ಕಿರಸ್ತಾನಿ ಆದೋಳು. ಆದ್ರೂ ನಾನು ಬಂದಿವ್ನಿ. ಅದು ಸಾಲದಾ?"

* * *

ಅವಳು ಎಲ್ಲಿಗೂ ಸೇರಿರಲಿಲ್ಲ. ಗಂಡ ಅಯ್ಯನಾರ್ ದ್ರಾಕ್ಷಿ ಚಪ್ಪರದಿಂದ ಬಿದ್ದು ತಲೆ ಒಡೆದುಕೊಂಡು, ತೇನಿಯ ಆಸ್ಪತ್ರೆಯಲ್ಲಿ ಒಂಬತ್ತು ದಿನ ಕಣ್ಣು ತೆರೆಯದೆ ಮಲಗಿದ್ದ. ಪಕ್ಕದ ಹಾಸಿಗೆಯ ಮುದುಕಿ ಕೊಟ್ಟ ತಮಿಳು ಬೈಬಲಿನ ಮೇಲೆ ಕೈಯಿಟ್ಟು ಗೋವಿಂದಮ್ಮಾಳ್ ಹೇಳಿದಳು: "ಇವರ್ನ ಎಬ್ಬಿಸು. ಸಾಯೋಗಂಟ ದಿನಾ ಒಂದು ಪುಟ ಓದ್ತೀನಿ."

ಹತ್ತನೆಯ ದಿನ ಅಯ್ಯನಾರ್ ನೀರು ಕೇಳಿದ. ಆಮೇಲೆ ಏಳು ವರ್ಷ ಬದುಕಿದ.

ಕೊಟ್ಟ ಮಾತಿಗೆ ತಪ್ಪುವ ಹೆಂಗಸಲ್ಲ ಅವಳು. ಮುಂಜಾನೆ ಹಾಲು ಕರೆದು, ಕುಲದೇವರಿಗೆ ದೀಪ ಹಚ್ಚಿ, ಹೊಸ್ತಿಲಲ್ಲಿ ಕೂತು ಒಂದು ಪುಟ ಓದುತ್ತಿದ್ದಳು. ತನಗೆ ತೋಚಿದ್ದನ್ನು ಅಂಚಿನಲ್ಲಿ ಪೆನ್ಸಿಲಿನಿಂದ ಬರೆಯುತ್ತಿದ್ದಳು. ಮಾತು ಮನೆಯ ಕನ್ನಡ, ಅಕ್ಷರ ಶಾಲೆಯಲ್ಲಿ ಕಲಿತ ತಮಿಳು.

ಅಣ್ಣ ಒಂದು ದಿನ ಬಂದವನು ಆ ಪುಸ್ತಕ ಕಂಡ. ಯಾಕೆ ಏನು ಎಂದು ಒಂದು ಮಾತು ಕೇಳಲಿಲ್ಲ. ಎದ್ದು ಚಪ್ಪಲಿ ಮೆಟ್ಟಿದ. ಪೊಂಗಲ್‌ಗೆ ತವರಿನಿಂದ ಬರುತ್ತಿದ್ದ ಕಬ್ಬು, ಅರಿಶಿನದ ಗಿಡ ಆ ವರ್ಷದಿಂದಲೇ ನಿಂತವು. ಕಾಗದಕ್ಕೆ ಹೆದರಿದ ಗಂಡಸು, ಮೀಸೆ ಮಾತ್ರ ದಪ್ಪ!

* * *

ತಮಿಳರಸಿ ತಾಯಿಯ ತಲೆದೆಸೆಯಲ್ಲಿದ್ದ ಪುಸ್ತಕ ಎತ್ತಿಕೊಂಡಳು.

"ವೇದಕ್ಕೆ ಸೇರಿದೋಳು ಏನು ಬರ್ದವ್ಳೆ, ಕೇಳು ಮಾಮಾ."

ದೇವರನ್ನು ಬಿಡಲೊಲ್ಲದ ಭಕ್ತನನ್ನು ಸಿಂಹದ ಗವಿಗೆ ಎಸೆದ ಕತೆಯ ಪುಟ ಅದು. ಸಿಂಹಗಳ ಬಾಯಿ ಕಟ್ಟಿತು, ಭಕ್ತ ಉಳಿದ. ತಮಿಳರಸಿ ಅಂಚಿನ ಸಾಲನ್ನು ಬೀದಿಗೆ ಕೇಳುವಂತೆ ಓದಿದಳು:

"ಸಿಂಗದ ಬಾಯಿ ಮುಚ್ಚಿಸಾದು ನಿಂಗೆ ಸುಲಬ, ಸಾಮಿ. ನಮ್ಮಣ್ಣನ ಬಾಯಿ ತೆರೆಸು, ನೋಡಾನ."

ಪುಸ್ತಕ ಮುಗಿದು ಮತ್ತೆ ಮೊದಲಿಂದ ಓದುತ್ತ ಅದೇ ಪುಟಕ್ಕೆ ಬಂದಾಗಲೆಲ್ಲ ಅವಳು ಕೆಳಗೆ ಬರೆದಿದ್ದಳು. ಎರಡು ಸಲ. ಇನ್ನೂ ಇಲ್ಲ. ಇನ್ನೂ ಇಲ್ಲ.

ಮುತ್ತುಲಕ್ಷ್ಮಿ ಸೆರಗು ಬಾಯಿಗೆ ಒತ್ತಿಕೊಂಡಳು.

"ಅವ್ವನ್ನ ಒಂದು ಕಿತ ಕೂಗು," ಎಂದಳು ತಮಿಳರಸಿ. "ಆಮೇಲೆ ನಿನ್ನ ಸೀಲೆ ಹಾಕು."

ಬಾಗಿಲಲ್ಲಿ ತಮಟೆ ನಿಂತಿತು. ಕಂದಸಾಮಿ ಮಂಡಿಯೂರಿ ತಂಗಿಯ ಕಿವಿಯ ಹತ್ತಿರ ಬಾಗಿದ. ಬಾಯಿ ತೆರೆದ. ಬಹಳ ಹೊತ್ತು ತೆರೆದೇ ಇದ್ದ. ದನಿ ಹೊರಡಲಿಲ್ಲ.

ತಮಿಳರಸಿ ಕಾದಳು. ಆಮೇಲೆ ಪುಸ್ತಕದ ಮಡಿಕೆಯಲ್ಲಿದ್ದ ಮೊಂಡು ಪೆನ್ಸಿಲ್ ತೆಗೆದು, ತಾಯಿಯ ಎರಡು ಸಾಲಿನ ಕೆಳಗೆ, ಒತ್ತಿ ಒತ್ತಿ, ಅದನ್ನೇ ಇನ್ನೊಂದು ಸಲ ಬರೆದಳು.