ಕಂಪ್ಯೂಟರ್ ಕೋಣೆಯ ಅತ್ತೆ

ಆಸ್ಪತ್ರೆಯ ಕಂಪ್ಯೂಟರ್ ಕೋಣೆಯಲ್ಲಿ ಫೈಲುಗಳನ್ನು ಕಾಯುವ ತಂತ್ರಾಂಶಕ್ಕೆ ಎಲ್ಲರೂ ಇಟ್ಟ ಹೆಸರು ‘ಅತ್ತೆ’. ಯಾವ ಪ್ರೋಗ್ರಾಂ ಯಾವ ಫೈಲನ್ನು ಮುಟ್ಟಬಹುದು, ಯಾವ ಪ್ರಿಂಟರಿಗೆ ಕಳಿಸಬಹುದು ಎಂದು ಬರೆದಿಟ್ಟ ನಿಯಮ ಬಿಟ್ಟು ಅವಳು ಒಂದಿಂಚೂ ಅಲ್ಲಾಡುವುದಿಲ್ಲ. ಕೇಳಿದವರು ಯಾರೇ ಆದರೂ ಅಷ್ಟೇ. ಕಳ್ಳನೊಬ್ಬ ವರದಿ ಮುದ್ರಿಸುವ ಪ್ರೋಗ್ರಾಮಿನೊಳಗೆ ನುಸುಳಿದರೂ ಅಲ್ಲೇ ಕೈಕಟ್ಟಿ ಕೂರಬೇಕು, ಆಚೆ ಕಾಲಿಡಬಾರದು.

ಆ ನಿಯಮ ಬರೆದವಳು ಅದೇ ಕೋಣೆಯಲ್ಲಿ ಕೆಲಸ ಮಾಡುವವಳು, ಇಬ್ಬರು ಅಕ್ಕತಂಗಿಯರಲ್ಲಿ ತಂಗಿ. ಲ್ಯಾಬಿನ ವರದಿ ಆಯಾ ರೋಗಿಯ ಡಾಕ್ಟರ ಪ್ರಿಂಟರಿಗೆ ಮಾತ್ರ. ದೊಡ್ಡ ಡಾಕ್ಟರು ತಮಗೊಂದು ವಿನಾಯಿತಿ ಕೇಳಿದಾಗ, “ನನಗೇ ಇಲ್ಲ ಸಾರ್, ನಿಮಗೆಲ್ಲಿಂದ ತರಲಿ?” ಎಂದು ಬೀಗಿದ್ದಳು.

ಇವತ್ತು ಆ ಜಂಬವೇ ತಿರುಗುಬಾಣವಾಗಿತ್ತು. ಅಕ್ಕನ ಎದೆಯ ಗಂಟಿನ ವರದಿ ಬಂದಿತ್ತು. ಡಾಕ್ಟರು ಸಿಗುವುದು ನಾಳೆ. ಅಕ್ಕ ಬೆಳಗಿನಿಂದ ಫೋನ್ ಮಾಡುತ್ತಲೇ ಇದ್ದಳು. “ನೋಡಿ ಹೇಳೇ, ತಡೆಯೋಕಾಗ್ತಿಲ್ಲ.”

ವರದಿಯನ್ನು ತನ್ನ ಮೇಜಿನ ಪ್ರಿಂಟರಿಗೆ ಕಳಿಸುವಂತೆ ತಂಗಿ ಪ್ರೋಗ್ರಾಮಿಗೆ ಹೇಳಿದಳು. ಪರದೆಯ ಮೇಲೆ ಒಂದೇ ಸಾಲು: ಅನುಮತಿ ಇಲ್ಲ.

ಪಕ್ಕದ ಮೇಜಿನ ಸಹೋದ್ಯೋಗಿ ಬಗ್ಗಿ ನೋಡಿದ. “ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಅಂತಾರೆ. ನಮ್ಮಲ್ಲಿ ಎಲ್ಲಾ ಕಾಲಾನೂ ಅತ್ತೇದೇ. ಸ್ವಲ್ಪ ಹೊತ್ತು ಮಲಗಿಸಿಬಿಡಿ, ಯಾರು ಕೇಳ್ತಾರೆ?”

ಅತ್ತೆಯನ್ನು ಮಲಗಿಸಲು ಒಂದು ಆಜ್ಞೆ ಸಾಕು. ಆಮೇಲೆ ಅವಳು ಯಾರನ್ನೂ ತಡೆಯುವುದಿಲ್ಲ, ಆಗಿದ್ದನ್ನು ಬರೆದುಕೊಳ್ಳುತ್ತಾಳೆ, ಅಷ್ಟೇ. ಅಷ್ಟು ಹೊತ್ತು ಉಳಿದ ರೋಗಿಗಳ ವರದಿಗೂ ಕಾವಲಿಲ್ಲ. ತಂಗಿ ಆಜ್ಞೆಯನ್ನು ಟೈಪ್ ಮಾಡಿದಳು. ಅಕ್ಕ ಒಬ್ಬಳೇ ಕೂತು ಉಗುರು ಕಚ್ಚುತ್ತಿರುವುದು ಕಣ್ಣಿಗೆ ಕಟ್ಟಿ ಅಳು ಬಂತು. ಆದರೆ ಅಲ್ಲಿರುವ ಒಂದೊಂದು ವರದಿಯೂ ಯಾರದೋ ಅಕ್ಕನದು, ಯಾರದೋ ಅಮ್ಮನದು. ಟೈಪ್ ಮಾಡಿದ್ದನ್ನು ಅಳಿಸಿದಳು.

ಮತ್ತೆ ಫೋನು.

“ಆಗ್ತಿಲ್ಲ ಅಕ್ಕಾ. ಕಂಪ್ಯೂಟರ್ ಬಿಡ್ತಿಲ್ಲ.”

ಸುಳ್ಳು ನಾಲಿಗೆಗೆ ಸಲೀಸಾಗಿ ಬಂದಿತ್ತು. ಕಂಪ್ಯೂಟರಿನ ಮೇಲೆ ಗೂಬೆ ಕೂರಿಸಿ ತಾನು ಒಳ್ಳೆಯವಳಾಗುವುದು ಅವಳಿಗೆ ಹೇಸಿಗೆಯೆನಿಸಿತು.

“ಸುಳ್ಳು ಹೇಳಿದೆ ಅಕ್ಕಾ. ಮಾಡೋಕೆ ಆಗುತ್ತೆ. ನಾನೇ ಮಾಡಲ್ಲ.”



“ನಾಳೆ ಡಾಕ್ಟರ ರೂಮಿಗೆ ನೀನೂ ಬಾ,” ಅಂದಳು ಅಕ್ಕ.

“ನನ್ನನ್ನ ಒಳಗೆ ಬಿಡ್ತಾರಾ?”

“ವರದಿ ನಂದು ತಾನೇ? ನಾನು ಬಿಡ್ತೀನಿ.”