ಹಸಿ ಬಣ್ಣದ ಟ್ರ್ಯಾಕ್ಟರು

ಇಬ್ಬರು ಟ್ರಾಲಿಯ ಮೂತಿ ಎತ್ತಿ ರಂಗಣ್ಣನ ಹೊಸ ಟ್ರ್ಯಾಕ್ಟರಿಗೆ ಪಿನ್ನು ಹಾಕುತ್ತಿದ್ದಾಗ ಗೊಲ್ಲಾಳಮ್ಮ ಹೊರಗೆ ಬಂದಳು.

“ಬಿಚ್ರಿ ಅದನ್ನ,” ಅಂದಳು.

ಇಬ್ಬರೂ ರಂಗಣ್ಣನ ಮುಖ ನೋಡಿದರು. ಪಡಸಾಲೆಯಲ್ಲಿ ಅವಳ ಗಂಡ ಅಯ್ಯಣ್ಣನನ್ನು ಗೋಡೆಗೆ ಒರಗಿಸಿ ಕೂಡಿಸಿದ್ದರು. ಹಣೆಗೆ ವಿಭೂತಿ, ತಲೆಗೆ ಹೊಸ ರುಮಾಲು. ಉಗುರಿನ ಸಂದಿಯಲ್ಲಿ ಮಾತ್ರ ನೀಲಿ ಬಣ್ಣ ಉಳಿದಿತ್ತು. ಮೈ ತೊಳೆದವರು ತಿನ್ನರ್ ಹಚ್ಚಿ ತಿಕ್ಕಿದ್ದರೂ ಹೋಗಿರಲಿಲ್ಲ.

“ಯಾಕ ಅತ್ತಿಗಿ?” ಅಂದ ರಂಗಣ್ಣ. ಸತ್ತವನ ತಮ್ಮ ಅವನು. “ಟ್ಯಾಕ್ಟರ್ ತೊಳದು ತಂದೀನಿ.”

“ಅವರು ತಮ್ಮ ಸ್ವಂತ ಟ್ಯಾಕ್ಟರಿನ್ಯಾಗ ಹೋಗ್ತಾರ.”

“ಅದರ ಬಣ್ಣ ಇನ್ನಾ ಹಸಿ ಅದ.”

“ಇರಲಿ.”

ಬೇವಿನ ಮರದ ಕೆಳಗೆ ಕೂತವರಲ್ಲಿ ಒಬ್ಬ, “ಅಯ್ಯಣ್ಣ ಹುಟ್ಟಿದಾಗಿಂದ ಯಾವುದಕ್ಕೂ ಟೈಮಿಗಿ ತಯಾರ ಇದ್ದಾವ ಅಲ್ಲ ಬಿಡು,” ಅಂದ. ಪಕ್ಕದವನು ನಕ್ಕ. ನಕ್ಕದ್ದನ್ನು ಮುಚ್ಚಲು ಕೆಮ್ಮಿದ.

*

ಮನೆ ಪಾಲಾದ ದಿನ ರಂಗಣ್ಣ ಹಳೆಯ ಟ್ರ್ಯಾಕ್ಟರಿನ ಬಾನೆಟ್ಟಿಗೆ ಬಡಿದು ಹೇಳಿದ್ದ: “ಅಣ್ಣ, ಈ ಡಬ್ಬಿ ನೀನ ಇಟ್ಕೊ. ಗುಜರಿಯವ ಬದಲಿಗಿ ಉಳ್ಳಾಗಡ್ಡಿ ಕೊಡ್ತಾನ.”

ಎಲ್ಲರೂ ನಕ್ಕಿದ್ದರು, ಅಯ್ಯಣ್ಣನೂ. ಆಮೇಲೆ ಅವನು ತಮ್ಮನ ಜತೆ ಜಗಳ ತೆಗೆಯಲಿಲ್ಲ, ಮಾತು ಬಿಡಲಿಲ್ಲ. ಆದರೆ ರಂಗಣ್ಣ ಹೊಸ ಟ್ರ್ಯಾಕ್ಟರ್ ನಿಲ್ಲಿಸಿ, “ಕೆಂಭಾವಿ ಸಂತಿಗಿ ಹೊಂಟೀನಿ, ಹತ್ತು,” ಅಂದಾಗಲೆಲ್ಲ, “ನೀ ನಡಿ,” ಅಂದು ಚೀಲ ಹೆಗಲಿಗೇರಿಸಿ ನಡೆದೇ ಹೋಗುತ್ತಿದ್ದ.

ಈ ಬೇಸಿಗೆಯಲ್ಲಿ ಅಯ್ಯಣ್ಣ ತನ್ನ ಹಳೆಯ ಟ್ರ್ಯಾಕ್ಟರನ್ನು ಕೊಟ್ಟಿಗೆಗೆ ತಂದು ಎತ್ತುಗಳನ್ನು ಹೊರಗೆ ಕಟ್ಟಿದ. ಗೆಳೆಯ ಮನ್ಸೂರಅಲಿ ಸುರಪುರದಲ್ಲಿ ಲಾರಿಗಳಿಗೆ ಬಣ್ಣ ಹೊಡೆಯುವವನು. ಬಿಡುವಾದಾಗ ಬಂದು ತೋರಿಸಿಕೊಡುತ್ತಿದ್ದ. ಉಳಿದ ದಿನ ಅಯ್ಯಣ್ಣ ಒಬ್ಬನೇ ಹಳೆ ಬಣ್ಣ ಕೆರೆದ, ತಗ್ಗಿಗೆ ಪುಟ್ಟಿ ತುಂಬಿದ, ನೀರು ಹಾಕಿ ಪಾಲಿಶ್ ಪೇಪರಿನಿಂದ ತಿಕ್ಕಿದ. ಧೂಳು ಬರಬಾರದೆಂದು ಸುತ್ತಲೂ ಹೆಂಡತಿಯ ಸೀರೆ ಕಟ್ಟಿದ.

“ನನ್ನ ಸೀರಿ ಎಲ್ಲಾ ಟ್ಯಾಕ್ಟರಿಗಿ ಉಡಿಸ್ಯಾರ ನೋಡ್ರಿ, ಮನ್ಸೂರಣ್ಣ,” ಅಂದಿದ್ದಳು ಗೊಲ್ಲಾಳಮ್ಮ.

“ಸವತಿ ಬಂದಾಳ ಅಕ್ಕಾ. ಸಂಭಾಳಿಸ್ಕೊ.”

ಮೊದಲ ಸಲ ಅಯ್ಯಣ್ಣ ಬಣ್ಣ ಚಿಮ್ಮಿಸುವ ಗನ್ನು ತೀರ ಹತ್ತಿರ ಹಿಡಿದ. ಬಣ್ಣ ಮೇಣದಬತ್ತಿ ಕರಗಿದ ಹಾಗೆ ಇಳಿಯಿತು. ಒಣಗಿದ ಮೇಲೆ ಅಷ್ಟನ್ನೂ ತಿಕ್ಕಿ ತೆಗೆದು ಮತ್ತೆ ಶುರುಮಾಡಿದ. ಬಿತ್ತಿದ ಸಾಲು ಸೊಟ್ಟಾದರೂ, ಕಟ್ಟಿದ ಗೋಡೆ ವಾಲಿದರೂ “ನಡೀತದ ಬಿಡು” ಅನ್ನುವ ಮನುಷ್ಯ ಅವನು. ಈ ಕೆಲಸಕ್ಕೆ ಮಾತ್ರ ಹಾಗೆ ಅನ್ನಲಿಲ್ಲ.

ನಿನ್ನೆ ಸಂಜೆ ಇಬ್ಬರೂ ಸೇರಿ ಬಣ್ಣದ ಕೊನೆಯ ಕೋಟು ಹೊಡೆದರು. ಕೋಳಿ, ಆಡು ಹತ್ತಿರ ಬಾರದಂತೆ ಕಾಯಲು ಅಯ್ಯಣ್ಣ ಅಲ್ಲೇ ಹೊರಸು ಹಾಕಿಕೊಂಡು ಮಲಗಿದ. ಬೆಳಿಗ್ಗೆ ಚಹಾ ತಂದ ಗೊಲ್ಲಾಳಮ್ಮ ಎರಡು ಸಲ ಕರೆದಳು. ಲೋಟ ಕೆಳಗಿಟ್ಟು ಮುಟ್ಟಿ ನೋಡಿದಳು. ಮೈ ತಣ್ಣಗಿತ್ತು.

*

ಮನ್ಸೂರಅಲಿ ಕೊಟ್ಟಿಗೆಯಿಂದ ಬೆರಳ ತುದಿ ನೋಡಿಕೊಳ್ಳುತ್ತ ಬಂದ.

“ಅಂಟಾಕತ್ತದ ಅಕ್ಕಾ. ಇನ್ನೊಂದು ದಿನ ಬೇಕು.”

“ಮಣ್ಣ ಮಾಡೂ ಹೊಲದ ತನಕ ಡಾಂಬರ್ ರೋಡ್ ಅದಲ್ರಿ?”

“ಅದ. ಮೆಲ್ಲಕ ಹೊಡದ್ರ ಧೂಳ ಏಳಂಗಿಲ್ಲ. ಎಲ್ಲೂ ಮುಟ್ಟದಂಗ ನಾನ ಹತ್ತತೀನಿ.” ಭಜನೆಯವರ ಕಡೆ ನೋಡಿದ. “ಆದ್ರ ಗುಲಾಲಿಗಿ ಏನ್ ಮಾಡ್ತಿ?”

ಹೆಣ ಎತ್ತಿದಾಗಿನಿಂದ ಹೂಳುವ ಕುಣಿ ಮುಟ್ಟುವ ತನಕ ಗುಲಾಲು ಹಾರಿಸುವುದು ರೂಢಿ. ಭಜನೆಯವರು ಆಗಲೇ ಚೀಲ ಬಿಚ್ಚಿದ್ದರು. ಹಸಿ ನೀಲಿಯ ಮೇಲೆ ಆ ಕೆಂಪು ಪುಡಿ ಬಿದ್ದರೆ ಒರೆಸಲೂ ಆಗದು, ಊದಲೂ ಆಗದು. ಬಣ್ಣದೊಳಗೇ ಒಣಗುತ್ತದೆ.

“ಹಾರಸಬ್ಯಾಡ್ರಿ,” ಅಂದಳು ಗೊಲ್ಲಾಳಮ್ಮ.

“ಏ ತಂಗಿ, ತಲಿ ಕೆಟ್ಟದೇನ?” ಓಣಿಯ ಹಿರಿಯಳು ಮೌನಮ್ಮ ಬಾಯಿ ಹಾಕಿದಳು. “ಗುಲಾಲ ಇಲ್ದ, ನಾಯಿ ಸತ್ತಂಗ ಒಯ್ತೀಯೇನ ಗಂಡನ್ನ?”

“ಎರಡ ಸಲ ತಿಕ್ಯಾರ ಅವರು ಅದನ್ನ.”

ಅಷ್ಟೇ ಹೇಳಿ ಗೊಲ್ಲಾಳಮ್ಮ ನಿಂತಳು. ಬೆಳಿಗ್ಗೆಯಿಂದ ಅವಳು ಅತ್ತಿರಲಿಲ್ಲ.

ರಂಗಣ್ಣ ತನ್ನ ಟ್ರ್ಯಾಕ್ಟರಿನ ಹಿಂದೆ ಹೋಗಿ ಪಿನ್ನನ್ನು ತಾನೇ ಎಳೆದ. ಟ್ರಾಲಿಯ ಮೂತಿ ನೆಲಕ್ಕೆ ಬಿತ್ತು. ಭಜನೆಯವರ ಹತ್ತಿರ ಬಂದು ಚೀಲದೊಳಗೆ ಕೈ ಹಾಕಿದ, ಒಂದು ಹಿಡಿ ಗುಲಾಲು ತೆಗೆದು ಮುಷ್ಟಿ ಕಟ್ಟಿದ.

“ಎಲ್ಲಾರೂ ಹಿಡ್ಕೊಂಡ ಬರ್ರಿ,” ಅಂದ. “ಅಣ್ಣನ್ನ ಕೆಳಗ ಇಳಿಸಿದ ಮ್ಯಾಲ ಹಾಕೂನು.”

“ಇದೆಂಥ ಪದ್ಧತಿಯೋ?” ಅಂದಳು ಮೌನಮ್ಮ. ಆದರೂ ಕೈ ಚಾಚಿದಳು.

ನೀಲಿ ಟ್ರ್ಯಾಕ್ಟರು ಅದೇ ಟ್ರಾಲಿಯನ್ನು ಎಳೆದುಕೊಂಡು ಓಣಿಯಿಂದ ಹೊರಬಿತ್ತು. ಟ್ರಾಲಿಯಲ್ಲಿ ಅಯ್ಯಣ್ಣ ಕೂತಿದ್ದ, ಪಕ್ಕದಲ್ಲಿ ಗೊಲ್ಲಾಳಮ್ಮ. ಮನ್ಸೂರಅಲಿ ಎಷ್ಟು ನಿಧಾನ ಹೊಡೆದನೆಂದರೆ ಭಜನೆಯವರು ಮುಂದೆ ಹೋಗಿ ನಿಂತು ನಿಂತು ಹಾಡಬೇಕಾಯಿತು. ಒಬ್ಬನಿಗೆ ಸೀನು ಬಂತು; ಅವನು ಮುಷ್ಟಿ ಬಿಡದೆ ಜಾಲಿಗಿಡಗಳ ಕಡೆ ಓಡಿ ಸೀನಿ ಬಂದ.

ಹೊಲ ಇನ್ನೂ ದೂರವಿತ್ತು. ಬಿಸಿಲಿಗೆ ಅಂಗೈಗಳು ಬೆವೆತವು. ರಂಗಣ್ಣ ಮುಷ್ಟಿಯನ್ನು ಎದೆಯ ಮಟ್ಟಕ್ಕೆ ಎತ್ತಿ ಹಿಡಿದು ಮುಂದಿನ ಗಾಲಿಯ ಪಕ್ಕದಲ್ಲೇ ನಡೆಯುತ್ತಿದ್ದ. ಬೆರಳ ಸಂದಿಯಿಂದ ಕೆಂಪು ನೀರು ಇಳಿದು ಮೊಣಕೈಯ ತನಕ ಬಂದಿತ್ತು.

“ರಂಗಣ್ಣ, ದೂರ ಸರಿ,” ಮನ್ಸೂರಅಲಿ ಮೇಲಿನಿಂದ ಕೂಗಿದ. “ತಾಗ್ತದ.”

ರಂಗಣ್ಣ ರಸ್ತೆ ಬಿಟ್ಟು ಕೆಳಗಿನ ಮುಳ್ಳುಗಂಟಿಗಳಿಗೆ ಇಳಿದ. ಬರಿಗಾಲಲ್ಲಿ, ಕೈ ಹಾಗೇ ಎತ್ತಿ ಹಿಡಿದು, ಟ್ರ್ಯಾಕ್ಟರಿನ ಸಮಕ್ಕೆ ನಡೆಯತೊಡಗಿದ.